ಸೀಟು ಕೈತಪ್ಪಿತಾ? ಕೋರ್ಟಿಗೆ ಹೋಗುವ ಮುಂಚೆ ಇಷ್ಟು ಮಾಡಿ

ಕಾಲೇಜು ಸೀಟು ಹಂಚಿಕೆ ಶುರುವಾದರೆ ಸಾಕು, ಎಲ್ಲ ಕಡೆ ಒಂದೇ ಪ್ರಶ್ನೆ: "ನಮ್ಮ ಹುಡುಗಿಗೆ ಸೀಟು ಬರಬೇಕಿತ್ತು, ಬರಲಿಲ್ಲ. ಕೇಸ್ ಹಾಕಬಹುದಾ?" ಹಾಕಬಹುದು. ಆದರೆ ಹುಡುಗಿ ಎಷ್ಟು ಜಾಣೆ ಅಂತ ಕೋರ್ಟ್ ನೋಡಲ್ಲ. ಸಂಸ್ಥೆ ತನ್ನದೇ ನಿಯಮ ಮುರಿದಿದೆಯಾ, ಅಥವಾ ಆ ನಿಯಮವೇ ಕಾಯ್ದೆಗೆ ವಿರುದ್ಧವಾ, ನೋಡುವುದು ಇಷ್ಟೇ. ನಿಮ್ಮ ಕಥೆಯನ್ನು ಈ ಎರಡು ಪ್ರಶ್ನೆಗಳ ಒಳಗೆ ಹೇಳಲು ಆಗದಿದ್ದರೆ ವಕೀಲರ ಫೀಸು ಉಳಿಸಿಕೊಳ್ಳಿ.

ನಮ್ಮ ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್ ಕಥೆಯನ್ನೇ ನೋಡಿ. 2020ರಲ್ಲಿ ಕೊರೊನಾದಿಂದ ಕ್ಲಾಟ್ (ರಾಷ್ಟ್ರೀಯ ಕಾನೂನು ವಿ.ವಿ.ಗಳ ಸಾಮಾನ್ಯ ಪ್ರವೇಶ ಪರೀಕ್ಷೆ) ಮುಂದಕ್ಕೆ ಹೋಗುತ್ತಲೇ ಇತ್ತು. ಕಾದು ಬೇಸತ್ತ ಲಾ ಸ್ಕೂಲ್ ಸೆಪ್ಟೆಂಬರ್ 3ಕ್ಕೆ ತನ್ನದೇ ಪ್ರತ್ಯೇಕ ಪರೀಕ್ಷೆ ಘೋಷಿಸಿತು, 12ಕ್ಕೆ ನಡೆಸಿಯೂ ಬಿಟ್ಟಿತು. ಅಲ್ಲಿನ ಮಾಜಿ ಕುಲಪತಿಯೊಬ್ಬರು ಮತ್ತು ಒಬ್ಬ ಪೋಷಕರು ಸುಪ್ರೀಂ ಕೋರ್ಟಿಗೆ ಹೋದರು. 21ಕ್ಕೆ ಆ ಪರೀಕ್ಷೆ ರದ್ದಾಯಿತು. ಯಾಕೆ? ಮನೆಯಲ್ಲೇ ಕೂತು ಬರೆಯುವ ಪರೀಕ್ಷೆ ಪಾರದರ್ಶಕ ಅಲ್ಲ ಅಂತ ಕೋರ್ಟ್ ಹೇಳಿದ್ದು ಹೌದು. ಆದರೆ ದೊಡ್ಡ ಪೆಟ್ಟು ಬಿದ್ದಿದ್ದು ಬೇರೆ ಕಡೆ. ಲಾ ಸ್ಕೂಲಿನದೇ ಕಾಯ್ದೆಯ ಪ್ರಕಾರ ಇಂಥ ತೀರ್ಮಾನಕ್ಕೆ ಅಕಾಡೆಮಿಕ್ ಕೌನ್ಸಿಲ್ ಶಿಫಾರಸು ಬೇಕಿತ್ತು, ಅದನ್ನು ಪಡೆದಿರಲಿಲ್ಲ.

ಅದೇ ತಿಂಗಳ 29ಕ್ಕೆ ಇನ್ನೊಂದು ತೀರ್ಪು ಬಂತು, ಈ ಸಲ ಗೆದ್ದಿದ್ದು ಸಂಸ್ಥೆಯ ಸ್ವಾಯತ್ತತೆ, ಅಂದರೆ ತನ್ನ ತೀರ್ಮಾನ ತಾನೇ ಮಾಡುವ ಹಕ್ಕು. ಕರ್ನಾಟಕದಲ್ಲಿ 10 ವರ್ಷ ಓದಿದವರಿಗೆ ಲಾ ಸ್ಕೂಲಿನಲ್ಲಿ ಶೇ. 25 ಸೀಟು ಅಂತ ರಾಜ್ಯ ಸರ್ಕಾರ ತಿದ್ದುಪಡಿ ತಂದಿತ್ತು. ಹೈಕೋರ್ಟ್ ಅದನ್ನು ಹೊಡೆದುಹಾಕಿತು. ಆ ಅಧಿಕಾರ ಸಂಸ್ಥೆಯ ಎಕ್ಸಿಕ್ಯೂಟಿವ್ ಕೌನ್ಸಿಲ್‌ಗೆ (ಆಡಳಿತ ಮಂಡಳಿಗೆ) ಸೇರಿದ್ದು ಅನ್ನುವುದು ಒಂದು ಮುಖ್ಯ ಕಾರಣ. ಮಜಾ ಏನಂದರೆ, ಮುಂದೆ ಲಾ ಸ್ಕೂಲ್ ತಾನಾಗಿಯೇ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ. 25 ಮೀಸಲಾತಿ ಜಾರಿಗೆ ತಂದಿತು! ಅಂದರೆ "ಏನು ತೀರ್ಮಾನ" ಅನ್ನುವುದಕ್ಕಿಂತ "ಯಾರು, ಯಾವ ಅಧಿಕಾರದಿಂದ ಮಾಡಿದರು" ಅನ್ನುವುದರ ಮೇಲೆ ಕೇಸ್ ಗೆಲ್ಲುತ್ತದೆ, ಸೋಲುತ್ತದೆ.

ಹಾಗಾಗಿ ಮೊದಲ ಕೆಲಸ, ಸೀಟು ತಪ್ಪಿಸಿದವರು ಯಾರು ಅಂತ ಪತ್ತೆ ಮಾಡಿ. ಕೆಇಎನಾ (ಸರ್ಕಾರದ ಪರೀಕ್ಷಾ ಪ್ರಾಧಿಕಾರ), ಕಾಮೆಡ್‌ಕೆನಾ (ಖಾಸಗಿ ಕಾಲೇಜುಗಳ ಒಕ್ಕೂಟ), ಯೂನಿವರ್ಸಿಟಿನಾ, ಕಾಲೇಜಾ? ಬಹಳ ಜನ ಕಾಲೇಜಿನ ಮೇಲೆ ಕೂಗಾಡುತ್ತಾರೆ, ತೀರ್ಮಾನ ಆಗಿರುವುದು ಮಲ್ಲೇಶ್ವರದ ಕೆಇಎ ಕಚೇರಿಯಲ್ಲಿ.

ಆಮೇಲೆ ಕಾಗದ ಒಟ್ಟು ಮಾಡಿ. ಅರ್ಜಿ ಹಾಕಿದ ದಿನ ಇದ್ದ ಪ್ರವೇಶ ನಿಯಮಗಳ ಬ್ರೋಷರಿನ ಪಿಡಿಎಫ್ ಮುಖ್ಯ, ಯಾಕಂದರೆ ವೆಬ್‌ಸೈಟಿನಲ್ಲಿ ಅದು ಸುಮ್ನೆ ಬದಲಾಗಿಬಿಡಬಹುದು. ಅರ್ಜಿಯ ಪ್ರಿಂಟ್, ಫೀಸು ಕಟ್ಟಿದ ರಸೀದಿ, ದಾಖಲೆ ಪರಿಶೀಲನೆಯ ಚೀಟಿ, ದಿನಾಂಕ ಮತ್ತು ಸಮಯ ಕಾಣುವ ಸ್ಕ್ರೀನ್‌ಶಾಟ್, ಕಟ್‌ಆಫ್ ಪಟ್ಟಿ, ಎಲ್ಲ ಇರಲಿ. ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಕೋಟಾದ ಜಗಳವಾದರೆ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ ತೆಗೆದು ನೋಡಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಇದೆಯಾ? ಇಲ್ಲದಿದ್ದರೆ ಎದುರು ಕಡೆಯ ವಕೀಲರು ಮೊದಲು ಹಿಡಿಯುವುದು ಅದನ್ನೇ. ಅರ್ಜಿಯಲ್ಲಿ ಆ ಕೋಟಾದ ಕಾಲಂ ನೀವೇ ತುಂಬಿಲ್ಲ ಅಂದರೆ ಕೇಸ್ ಬಹಳ ಕಷ್ಟ.

ಮೂರನೆಯದು ಮನವಿ ಪತ್ರ. ಫೋನಿನಲ್ಲಿ ಮಾತಾಡಿದ್ದು ಲೆಕ್ಕಕ್ಕಿಲ್ಲ. ಅಳುಮೋರೆ ಕಥೆ ಬೇಡ, ಒಂದು ಪುಟ ಸಾಕು. ಹೀಗೆ ಬರೆಯಿರಿ: "ಬ್ರೋಷರಿನ ಇಂಥ ಪುಟದ ಇಂಥ ನಿಯಮದ ಪ್ರಕಾರ ನಾನು ಅರ್ಹಳು. ನನ್ನ ರ‍್ಯಾಂಕ್ ಇಷ್ಟು. ಇದೇ ಪ್ರವರ್ಗದಲ್ಲಿ ನನಗಿಂತ ಕೆಳಗಿನ ರ‍್ಯಾಂಕಿಗೆ ಇಂಥ ದಿನ ಸೀಟು ಹಂಚಿಕೆಯಾಗಿದೆ. ಕಾರಣವನ್ನು ಲಿಖಿತವಾಗಿ ತಿಳಿಸಿ, ಮುಂದಿನ ಸುತ್ತಿಗೆ ಮುಂಚೆ ಸರಿಪಡಿಸಿಕೊಡಿ." ಇಮೇಲ್ ಮಾಡಿ, ಜೊತೆಗೆ ಕಚೇರಿಗೂ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ಹೈಕೋರ್ಟಿನಲ್ಲಿ "ಇವರು ನಮ್ಮನ್ನು ಕೇಳಲೇ ಇಲ್ಲ" ಅಂತ ಅವರು ಹೇಳಬಾರದು, ಅಲ್ವಾ?

ಕಾಲೇಜು ಅಥವಾ ಯೂನಿವರ್ಸಿಟಿಯ ತಪ್ಪಾದರೆ ಇನ್ನೊಂದು ದಾರಿ ಇದೆ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2023ರ ನಿಯಮಗಳ ಪ್ರಕಾರ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಲೇಬೇಕು, ಸೀಟಿಗೆ ಅರ್ಜಿ ಹಾಕಿದವರೂ ಅಲ್ಲಿ ದೂರು ಕೊಡಬಹುದು. ಸಮಿತಿಗೆ 15 ಕೆಲಸದ ದಿನ ಸಮಯ, ಅದರ ತೀರ್ಮಾನ ಒಪ್ಪದಿದ್ದರೆ 15 ದಿನದೊಳಗೆ ಓಂಬುಡ್ಸ್‌ಪರ್ಸನ್‌ಗೆ (ದೂರುಗಳ ಮೇಲ್ಮನವಿ ಕೇಳುವ ಅಧಿಕಾರಿ) ಮೇಲ್ಮನವಿ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು ಸತಾಯಿಸುವುದು, ಫೀಸು ವಾಪಸ್ ಕೊಡದಿರುವುದು, ಇಂಥದ್ದಕ್ಕೆ ಈ ದಾರಿ ಒಳ್ಳೆಯದು. ಸೀಟಿನ ಜಗಳಕ್ಕೆ ಮಾತ್ರ ಇದು ನಿಧಾನ. ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಕೂಡ ಹಾಗೆಯೇ, ಉತ್ತರಕ್ಕೆ 30 ದಿನ. ಹಾಕಿ, ಆದರೆ ಅದಕ್ಕಾಗಿ ಕಾಯಬೇಡಿ.

ಕಾಲೇಜು ರಸೀದಿ ಇಲ್ಲದೆ ದುಡ್ಡು ಕೇಳಿದರೆ ಅದು ಸ್ವಾಯತ್ತತೆ ಅಲ್ಲ. ಕ್ಯಾಪಿಟೇಶನ್ (ಸೀಟಿಗಾಗಿ ನಿಗದಿತ ಫೀಸಿನ ಮೇಲೆ ಕೀಳುವ ದುಡ್ಡು) ವಿರುದ್ಧ 1984ರಿಂದಲೇ ನಮ್ಮಲ್ಲಿ ಕಾಯ್ದೆ ಇದೆ. ಮಣಿಪಾಲದಿಂದ ಹೋದ ಟಿ.ಎಂ.ಎ. ಪೈ ಕೇಸಿನಲ್ಲಿ 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳ ಪೀಠ ಖಾಸಗಿ ಕಾಲೇಜುಗಳಿಗೆ ಸಾಕಷ್ಟು ಸ್ವಾತಂತ್ರ್ಯ ಕೊಟ್ಟಿತು ನಿಜ, ಆದರೆ ಅದೇ ತೀರ್ಪು ಕ್ಯಾಪಿಟೇಶನ್‌ಗೆ ಜಾಗ ಕೊಡಲಿಲ್ಲ. "ನಮ್ಮದು ಪ್ರೈವೇಟ್, ನಮ್ಮಿಷ್ಟ" ಅನ್ನುವವರಿಗೆ ಇದನ್ನೇ ತೋರಿಸಿ.

ಇನ್ನು ರಿಟ್ ಅರ್ಜಿ, ಅಂದರೆ ಸರ್ಕಾರಿ ಸಂಸ್ಥೆಯ ತಪ್ಪನ್ನು ಸರಿಪಡಿಸಿ ಅಂತ ಕೋರುವ ಅರ್ಜಿ. ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿನ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠಕ್ಕೆ. ವಕೀಲರಿಗೆ ಎರಡು ವಿಷಯ ಕೇಳಿ. ಒಂದು, ತೀರ್ಪು ಬರುವ ತನಕ ಒಂದು ಸೀಟು ಖಾಲಿ ಇಡಬೇಕು ಅಂತ ಮಧ್ಯಂತರ ಆದೇಶ ಕೋರಿದ್ದಾರಾ? ಎರಡು, ನಿಮ್ಮ ಜಾಗದಲ್ಲಿ ಸೀಟು ಪಡೆದ ವಿದ್ಯಾರ್ಥಿಯನ್ನೂ ಪ್ರತಿವಾದಿ (ಎದುರು ಪಕ್ಷ) ಮಾಡಿದ್ದಾರಾ? ಮಾಡದಿದ್ದರೆ ಅವರ ಸೀಟು ಕಿತ್ತು ನಿಮಗೆ ಕೊಡುವುದು ಕಷ್ಟ.

ತಡ ಮಾಡಬೇಡಿ. ಎಂಬಿಬಿಎಸ್ ಬಗ್ಗೆ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೆನಪಿರಲಿ: ವಿದ್ಯಾರ್ಥಿಯ ತಪ್ಪೇ ಇಲ್ಲದಿದ್ದು, ಬೇಗ ಕೋರ್ಟಿಗೆ ಬಂದಿದ್ದರೆ, ಅಪರೂಪದ ಪ್ರಕರಣಗಳಲ್ಲಿ ಕೊನೆಯ ದಿನ ಮುಗಿದ ಒಂದು ತಿಂಗಳೊಳಗೆ ಸೀಟು ಕೊಡಿಸಬಹುದು, ಆಗದಿದ್ದರೆ ಮುಂದಿನ ವರ್ಷ. ಮೂರು ತಿಂಗಳು ಯೋಚಿಸಿ ಹೋದವರಿಗೆ ಈ ಅನುಕೂಲ ಇಲ್ಲ.

ದುಡ್ಡಿಲ್ಲ ಅಂತ ಸುಮ್ಮನಾಗಬೇಡಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಫೋನ್ ಮಾಡಿ. ಕೇಸ್ ನಡೆಯುತ್ತಿರುವಾಗ ಸಿಕ್ಕ ಇನ್ನೊಂದು ಸೀಟನ್ನು ಬಿಡಬೇಡಿ. "ನನ್ನ ಹಕ್ಕನ್ನು ಕಾಯ್ದಿರಿಸಿಕೊಂಡು ಸೇರುತ್ತಿದ್ದೇನೆ" ಅಂತ ಒಂದು ಸಾಲು ಬರೆದುಕೊಟ್ಟು, ಅದರ ಪ್ರತಿಗೂ ಸೀಲು ಹಾಕಿಸಿಕೊಂಡು ಹುಡುಗಿ ಕ್ಲಾಸಿಗೆ ಹೋಗಲಿ.