ಕತ್ತಿ ಕುದಿಸಿದ ಕಥೆ

ಹಂಡೆಯಲ್ಲಿ ಅಡಿಕೆ ಬೇಯುವುದನ್ನು ನಮ್ಮೂರಲ್ಲಿ ನೋಡದವರಿಲ್ಲ. ಕತ್ತಿ ಬೇಯುವುದನ್ನು ಮಾತ್ರ ಯಾರೂ ನೋಡಿರಲಿಲ್ಲ. ಪಕ್ಕದ ಲೇತ್ ಅಂಗಡಿಯ ಗೆಳೆಯ ಬಂದವನೇ, "ಏನ್ ಮಾರಾಯ, ಕತ್ತಿ ಸಾರು ಮಾಡ್ತಿದ್ದೀಯಾ?" ಅಂದ. ಈಗ ಅವನೇ ಅಂಗಡಿಗೆ ಬಂದವರಿಗೆಲ್ಲ ಅದರ ಫೋಟೋ ತೋರಿಸುತ್ತಾನೆ. ಅದಕ್ಕೇ ಇದನ್ನು ಬರೆದುಬಿಡೋಣ ಅನ್ನಿಸಿತು.

ಕತ್ತಿ ಆಗುಂಬೆ ಹತ್ತಿರದ ಒಬ್ಬ ಗೌಡರ ಮನೆಯದು, ತುಕ್ಕು ಬಿಡಿಸಲು ನನ್ನ ಹತ್ತಿರ ಬಂದದ್ದು. ತೋಟ ಮಾರಿ ಊರು ಬಿಟ್ಟ ಬಿಳಿ ದೊರೆಯೊಬ್ಬನ ಸಾಮಾನಿನ ಹರಾಜಿನಲ್ಲಿ ಅವರ ಮುತ್ತಜ್ಜ ಕೊಂಡಿದ್ದಂತೆ. ಬ್ರಿಟಿಷ್ ಕಾಲಾಳು ಪಡೆಯ ಅಧಿಕಾರಿಗಳದ್ದು, 1822ರ ಮಾದರಿ. ಕೈಗೆ ಏಟು ಬೀಳದಂತೆ ಚಿನ್ನದ ನೀರು ಹಿಡಿಸಿದ ಹಿತ್ತಾಳೆ ಜಾಲರಿ, ನಡುವೆ ವಿಕ್ಟೋರಿಯಾ ರಾಣಿಯ ವಿಆರ್ ಗುರುತು, ಹಿಡಿಗೆ ಮೀನಿನ ಚರ್ಮ. ಅಲಗಿನ ಬೆನ್ನಿನ ಮೇಲೆ ಕತ್ತಿ ಮಾಡಿದ ಲಂಡನ್ನಿನ ವಿಲ್ಕಿನ್ಸನ್ ಕಂಪನಿಯ ನಂಬರು. ಆ ನಂಬರು ಹೊಡೆಯಲು ಶುರು ಮಾಡಿದ್ದು 1854ರ ಸುಮಾರಿಗೆ. ಹಾಗಾಗಿ ಕತ್ತಿ ಅದಕ್ಕಿಂತ ಹಳೆಯದಲ್ಲ. ಅಲಗಿನ ಮೇಲೆ 'ಪ್ರೆಸೆಂಟೆಡ್ ಟು ಲೆಫ್ಟಿನೆಂಟ್' ಅಂತ ಇಷ್ಟು ಓದಲು ಬರುತ್ತಿತ್ತು. ಮುಂದೆಲ್ಲ ಕೆಂಪು ಹಕ್ಕಳೆ.

ವರ್ಷಕ್ಕೆ 7000 ಮಿಲಿಮೀಟರ್ ಮಳೆ ಸುರಿಯುವ ಊರು, ತುಕ್ಕು ಹಿಡಿಯದೆ ಇರುತ್ತಾ? ಆದರೆ ಮಳೆಗಿಂತ ಜಾಸ್ತಿ ಹಾಳು ಮಾಡಿದ್ದು ಆಯುಧಪೂಜೆ. ಪ್ರತಿ ವರ್ಷ ಅದರಲ್ಲೇ ನಿಂಬೆಹಣ್ಣು ಕೊಯ್ದು, ಒದ್ದೆ ಕುಂಕುಮ ಮೂರು ಕಡೆ ಹಚ್ಚಿ, ಹಾಗೆಯೇ ಚರ್ಮದ ಒರೆಗೆ ತುರುಕಿದ್ದಾರೆ. ಬೊಟ್ಟಿಟ್ಟ ಮೂರೂ ಜಾಗದಲ್ಲಿ ಉಗುರು ಸಿಕ್ಕುವಷ್ಟು ಗುಳಿ.

ಎಲ್ಲರದ್ದೂ ಒಂದೇ ಸಲಹೆ: ಬಫ್ (ಪಾಲಿಶ್ ಮಾಡುವ ತಿರುಗುವ ಚಕ್ರ) ಹೊಡಿ, ಕನ್ನಡಿ ಆಗುತ್ತೆ. ಆಗುತ್ತೆ, ನಿಜ. ಆದರೆ ಆ ಅಕ್ಷರ ಉಳಿಯಿಂದ ಕೆತ್ತಿದ್ದಲ್ಲ, ಆಸಿಡ್‌ನಿಂದ ತಿನ್ನಿಸಿದ್ದು. ಕೂದಲೆಳೆಯಷ್ಟೂ ಆಳ ಇರಲ್ಲ. ಬಫ್ ಎರಡು ಸಲ ಓಡಿದರೆ ಲೆಫ್ಟಿನೆಂಟೂ ಇಲ್ಲ, ಪ್ರೆಸೆಂಟೂ ಇಲ್ಲ. ಇನ್ನೊಂದು ಕತ್ತಿಯ ಹಿಡಿಗೆ ಹಿಂದೆ ನಾನೇ ಹಿತ್ತಾಳೆ ಪಾಲಿಶ್ ಬ್ರಾಸೊ ಹಾಕಿ ಉಜ್ಜಿ, ಚಿನ್ನವನ್ನೆಲ್ಲ ಬಟ್ಟೆಗೆ ಮೆತ್ತಿಸಿಕೊಂಡಿದ್ದೆ. ಆ ಸಲ ಕೂಲಿ ಕೇಳಲು ಬಾಯಿ ಬರಲಿಲ್ಲ.

ಅದಕ್ಕೇ ಕುದಿಸುವುದು ಅಂತ ತೀರ್ಮಾನ ಮಾಡಿದೆ. ಕೆಂಪು ತುಕ್ಕು ಕುದಿಯುವ ನೀರಿನಲ್ಲಿ ಕಪ್ಪಾಗುತ್ತದೆ. ಮೇಲಿನ ಮಸಿಯನ್ನು ತೆಗೆದರೆ ಕೆಳಗೆ ಗಟ್ಟಿ ಕಪ್ಪು ಪದರ ಉಳಿಯುತ್ತದೆ, ಅದು ಕಬ್ಬಿಣವನ್ನು ಕಾಪಾಡುತ್ತದೆ. "ಹದ ಹೋಗುತ್ತೆ" ಅಂದರು. ನೀರು 100 ಡಿಗ್ರಿ ದಾಟಲ್ಲ ಸ್ವಾಮಿ, ಉಕ್ಕಿನ ಹದ ಇಳಿಯಲು ಅದರ ಎರಡರಷ್ಟಾದರೂ ಬೇಕು. ತೆಳು ಅಲಗನ್ನು ಸುಡುವುದು ನಿಮ್ಮ ಬಫ್ಫೇ.

ಮೂರೂವರೆ ಅಡಿ ಜಿಐ ಪೈಪಿಗೆ ತಳ ವೆಲ್ಡ್ ಮಾಡಿಸಿದೆ. 600 ರೂಪಾಯಿ ಇರಬೇಕು. ಅದರೊಳಗೆ ಮಳೆನೀರು ತುಂಬಿ, ಸುತ್ತ ಬೆಂಕಿ. ಬೋರ್‌ವೆಲ್ ನೀರು ಬೇಡ, ಬಿಳಿ ಕಲೆ ಕೂರುತ್ತದೆ. ಮೊದಲು ಥಿನ್ನರ್‌ನಲ್ಲಿ ಹಳೆ ಕೊಬ್ಬರಿ ಎಣ್ಣೆಯ ಜಿಡ್ಡು ತೆಗೆದು, ಹಿಡಿ ಮೇಲಿರುವಂತೆ ಅಲಗನ್ನು ಇಳಿಬಿಟ್ಟೆ.

ಮೊದಲ ಸಲವೇ ಎಡವಟ್ಟು. ಹಬೆ ಏರಿ ಹಿಡಿಯ ಚರ್ಮ ಹಪ್ಪಳದ ಹಾಗೆ ಅಂಚಿನಲ್ಲಿ ಎದ್ದಿತು. ಅದನ್ನು ಕೂರಿಸಿ, ಸಡಿಲವಾದ ತಂತಿ ಮತ್ತೆ ಸುತ್ತುವಷ್ಟರಲ್ಲಿ ನಾಲ್ಕು ದಿನ, 1500 ರೂಪಾಯಿ ಹೋಯಿತು. ಆಮೇಲೆ ಪೈಪಿನ ಬಾಯಿಗೆ ಸೀಳಿದ ಬಾಳೆದಿಂಡು ಮುಚ್ಚಿದೆ. ನಗಬೇಡಿ, ರಬ್ಬರಿಗಿಂತ ಚೆನ್ನಾಗಿ ಕೂತಿತು.

ಒಂದೊಂದು ಸಲಕ್ಕೆ ಅರ್ಧ ಗಂಟೆ, ಒಟ್ಟು ಐದೋ ಆರೋ ಸಲ. ಎತ್ತಿದ ಕೂಡಲೇ ಬಿಸಿಗೆ ಅಲಗು ತಾನೇ ಒಣಗುತ್ತದೆ. ಮೇಲೆ ಕಾಡಿಗೆಯಂಥ ಮಸಿ. ಅಕ್ಷರದ ಸಂದಿನ ಮಸಿಯನ್ನು ಯಾವುದರಿಂದ ತೆಗೆದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಸ್ಟೀಲ್ ವುಲ್ ಅಲ್ಲ, ಅಷ್ಟು ಹೇಳಬಲ್ಲೆ.

ನಡುವೆ ಇನ್ನೊಂದು ಹುಚ್ಚು. ಅಡಿಕೆ ಬೇಯಿಸಿದ ನೀರು, ಅಂದರೆ ಚೊಗರು, ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದಲ್ವಾ, ಅದರಲ್ಲೇ ಅದ್ದಿದರೆ ಹೇಗೆ? ಮನೆಯ ಹಳೇ ಮೆಟ್ಟುಗತ್ತಿಯನ್ನು ಒಂದು ರಾತ್ರಿ ಅದ್ದಿಟ್ಟೆ. ಬೆಳಿಗ್ಗೆ ಇಂಕಿನಂತೆ ನೀಲಿಗಪ್ಪು! ಎರಡು ಮಳೆಗಾಲ ಕಳೆದರೂ ತುಕ್ಕಿಲ್ಲ. ಆದರೆ ಅಲ್ಲಲ್ಲಿ ಮೋಡ ಕವಿದಂತೆ ಬಣ್ಣ. ದೊರೆಯ ಕತ್ತಿಗೆ ಆ ಧೈರ್ಯ ಮಾಡಲಿಲ್ಲ.

ನಾಲ್ಕನೇ ಸಲಕ್ಕೆ ಅಕ್ಷರ ಪೂರ್ತಿ ಬಂತು. ಆ ಲೆಫ್ಟಿನೆಂಟನಿಗೆ ಅವನ ಸೇನಾ ತುಕಡಿಯ ಸಾರ್ಜೆಂಟುಗಳು ಸೇರಿ ಕೊಟ್ಟ ಉಡುಗೊರೆ. ಹೆಸರು ಬೇಡ ಅಂದಿದ್ದಾರೆ ಮನೆಯವರು. ನೆಪೋಲಿಯನ್ ಯುದ್ಧದ ಕಾಲದಲ್ಲಿ, 1803ರಲ್ಲಿ ಹುಟ್ಟಿದ, ಲಂಡನ್ನಿನ ವಿಮೆ ವ್ಯಾಪಾರಿಗಳ ಲಾಯ್ಡ್ಸ್ ನಿಧಿಯವರು ಅಧಿಕಾರಿಯ ದರ್ಜೆ ನೋಡಿ 30, 50, 100 ಪೌಂಡ್ ಬೆಲೆಯ ಕತ್ತಿ ಕೊಡುತ್ತಿದ್ದರು. ಇದು ಆ ಭಾರೀ ಪೈಕಿ ಅಲ್ಲ. ಸಂಬಳದಲ್ಲಿ ಚಂದಾ ಎತ್ತಿ ಕೊಟ್ಟದ್ದು ಅನ್ನಿಸಿತು, ನನಗೆ ಅದೇ ಹೆಚ್ಚು ಇಷ್ಟವಾಯಿತು.

ಕೊನೆಗೆ ಮೇಣ. ಜೇನುಮೇಣಕ್ಕೆ ಟರ್ಪೆಂಟೈನ್ ಬೆರೆಸಿ ಬೇರೊಂದು ತುಂಡಿನ ಮೇಲೆ ನೋಡಿದ್ದೆ, ಜುಲೈನಲ್ಲಿ ಅಂಟಂಟಾಗಿ ಧೂಳು ಹಿಡಿಯಿತು. ಮ್ಯೂಸಿಯಂನವರು ಬಳಸುವ ಮೇಣ ತರಿಸಿದೆ. ಬೊಗಸೆಯೂ ತುಂಬದ ಡಬ್ಬಿಗೆ 2000ದ ಹತ್ತಿರ. ಗೌಡರು ಕೊಟ್ಟದ್ದು 8000. ಕೂಲಿ ಲೆಕ್ಕ ಹಾಕಿದರೆ ಗಾರೆ ಕೆಲಸವೇ ವಾಸಿ.

ಒರೆ ಬೇರೆ, ಕತ್ತಿ ಬೇರೆ ಇಡಿ ಅಂದೆ. ಗೌಡರ ಅಮ್ಮ, "ಕುಂಕುಮ ಇಡದೆ ಪೂಜೆ ಹೆಂಗೋ ತಮ್ಮಾ?" ಅಂದರು. ಕುಂಕುಮ ಒರೆಯ ಹಿತ್ತಾಳೆ ತುದಿಗೆ, ನಿಂಬೆಹಣ್ಣಿಗೆ ಅಡುಗೆಮನೆಯ ಚಾಕು ಅಂತ ರಾಜಿ ಆಯಿತು.

ಮಳೆಗಾಲ ಮುಗಿದ ಮೇಲೆ ಹೋಗಿ ನೋಡಿದೆ. ಅಲಗು ಚೊಕ್ಕಟ. ಹಿಡಿಯ ಬುಡದಲ್ಲಿ ಮಾತ್ರ ಒಂದು ಹೆಬ್ಬೆರಳ ಗುರುತು, ಗೆರೆ ಗೆರೆಯಾಗಿ ಕೆಂಪು. ಮನೆಯವರನ್ನು ಬೈಯುವ ಮೊದಲು ನನ್ನ ಬೆರಳು ಇಟ್ಟು ನೋಡಿದೆ. ಸುಮ್ನೆ ಹೊಲಿಗೆ ಮಿಷನ್ ಎಣ್ಣೆ ಹಾಕಿ ಒರೆಸಿ, ಮೇಣ ಹಚ್ಚಿ ಬಂದೆ.