ಬೆರಳಚ್ಚಿಗೆ ಬೀಗ ಹಾಕುವುದು ಹೇಗೆ?

ಓಟಿಪಿ ಯಾರಿಗೂ ಹೇಳಿಲ್ಲ. ಯಾವ ಲಿಂಕೂ ಒತ್ತಿಲ್ಲ. ಎಟಿಎಂ ಕಾರ್ಡ್ ಬೀರುವಿನಲ್ಲೇ ಇದೆ. ಆದರೂ ಖಾತೆಯಿಂದ ದುಡ್ಡು ಹೋಗಿದೆ. 2023ರಲ್ಲಿ ಬೆಂಗಳೂರು ಪೊಲೀಸರಿಗೆ ಇಂಥ ದೂರುಗಳು ಒಂದರ ಹಿಂದೆ ಒಂದು ಬಂದವು. ದೂರು ಕೊಟ್ಟ ಹಲವರು ಆಗಷ್ಟೇ ಸೈಟನ್ನೋ ಮನೆಯನ್ನೋ ನೋಂದಣಿ ಮಾಡಿಸಿದ್ದವರು. ಅವರ ಕ್ರಯಪತ್ರದಲ್ಲಿ ಹೆಸರು, ಆಧಾರ್ ನಂಬರ್, ಬೆರಳಚ್ಚು ಎಲ್ಲವೂ ಒಟ್ಟಿಗೇ ಇದ್ದವು. ಅದರ ಪ್ರತಿ ಕೈಗೆ ಸಿಕ್ಕರೆ ಕಳ್ಳನಿಗೆ ಹೆಚ್ಚು ಹುಡುಕುವ ಕೆಲಸವೇ ಇಲ್ಲ.

ದುಡ್ಡು ಹೋಗುವುದು ಎಇಪಿಎಸ್ ಎಂಬ ದಾರಿಯಲ್ಲಿ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರರ ಪುಟ್ಟ ಮಷೀನಿನ ಮೇಲೆ ಹೆಬ್ಬೆಟ್ಟು ಒತ್ತಿ ಪಿಂಚಣಿ ತೆಗೆಯುತ್ತಾರಲ್ವಾ, ಅದೇ. ಆಧಾರ್ ನಂಬರ್, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಪಿನ್ ಬೇಡ, ಓಟಿಪಿ ಬೇಡ. ಎಟಿಎಂ ದೂರವಿರುವ ಅಜ್ಜಿಗೆ ಇದು ನಿಜಕ್ಕೂ ಅನುಕೂಲ. ನಕಲಿ ಸಿಲಿಕೋನ್ ಹೆಬ್ಬೆಟ್ಟು ಮಾಡಿಕೊಂಡವನಿಗೂ ಅಷ್ಟೇ ಅನುಕೂಲ.

ಮೊದಲು ಬೀಗ

ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆಯಾಗಿರಬೇಕು. ಇಲ್ಲದಿದ್ದರೆ ಮುಂದಿನ ಯಾವುದೂ ನಡೆಯದು, ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಜೋಡಿಸಿಕೊಂಡು ಬನ್ನಿ.

ಮೈ ಆಧಾರ್ ಪೋರ್ಟಲ್‌ಗೆ ಹೋಗಿ. ವಿಳಾಸದಲ್ಲಿ ‘ಯುಐಡಿಎಐ ಡಾಟ್ ಗವ್ ಡಾಟ್ ಇನ್’ ಇದೆಯೇ ಎಂದು ಕಣ್ಣಾಡಿಸಿ, ಹೋಲುವ ಹೆಸರಿನ ನಕಲಿ ತಾಣಗಳಿಗೆ ಬರವಿಲ್ಲ. ಆಧಾರ್ ನಂಬರ್, ಓಟಿಪಿ ಹಾಕಿ ಒಳಗೆ ಹೋದರೆ ‘ಲಾಕ್ / ಅನ್‌ಲಾಕ್ ಬಯೋಮೆಟ್ರಿಕ್ಸ್’ ಎಂಬ ಚೌಕ ಕಾಣುತ್ತದೆ. ಅದನ್ನು ಒತ್ತಿ, ಒಪ್ಪಿಗೆಯ ಟಿಕ್ ಹಾಕಿ, ಮುಂದುವರಿಯಿರಿ. ಬೆರಳು, ಕಣ್ಣು, ಮುಖ ಎಲ್ಲಕ್ಕೂ ಬೀಗ ಬಿತ್ತು. ಆಧಾರ್‌ನ ಅಧಿಕೃತ ಮೊಬೈಲ್ ಆ್ಯಪ್‌ನಲ್ಲೂ ಇದೇ ಕೆಲಸ ಮಾಡಬಹುದು.

ಇನ್ನು ಯಾರಾದರೂ ನಿಮ್ಮ ಬೆರಳಚ್ಚು ಒತ್ತಿದರೆ ಮಷೀನು 330 ಎಂಬ ಎರರ್ ತೋರಿಸುತ್ತದೆ. ನೀವೇ ಒತ್ತಿದರೂ ಅದೇ ಕಥೆ. ರೇಷನ್ ಅಂಗಡಿಯ ಸಾಲಿನಲ್ಲಿ ಅರ್ಧ ಗಂಟೆ ನಿಂತು, ‘ಥಂಬ್ ತಗೊಳ್ತಿಲ್ಲ’ ಅನ್ನಿಸಿಕೊಂಡು ಬರುವುದು ಯಾರಿಗೆ ಬೇಕು? ಹಾಗಾಗಿ ನಿಮ್ಮ ಸರದಿ ಹತ್ತಿರ ಬಂದಾಗ ತಾತ್ಕಾಲಿಕವಾಗಿ ಬೀಗ ತೆಗೆಯಿರಿ. 10 ನಿಮಿಷ ತೆರೆದಿದ್ದು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಹೊಸ ಸಿಮ್ ತೆಗೆದುಕೊಳ್ಳುವಾಗಲೂ ಹೀಗೇ ಮಾಡಬಹುದು. ಓಟಿಪಿ ಮೂಲಕ ನಡೆಯುವ ಕೆಲಸಗಳಿಗೆ ಈ ಬೀಗ ಅಡ್ಡ ಬರುವುದಿಲ್ಲ.

ಎಇಪಿಎಸ್ ನಿಮಗೆ ಬೇಡವೇ ಬೇಡ ಎನ್ನುವುದಾದರೆ ನಿಮ್ಮ ಬ್ಯಾಂಕ್ ಶಾಖೆಯಲ್ಲಿ ಕೇಳಿ, ಅದನ್ನೇ ನಿಲ್ಲಿಸಲು ಅವಕಾಶವಿದ್ದರೆ ಇನ್ನೂ ಒಳ್ಳೆಯದು.

ಜೆರಾಕ್ಸ್ ಕೊಡುವ ಮುನ್ನ

ಬೀಗ ಹಾಕಿದ ಮೇಲೂ ನಂಬರ್ ಊರೆಲ್ಲ ಓಡಾಡಬೇಕಿಲ್ಲ. 2022ರ ಮೇ ತಿಂಗಳಲ್ಲಿ, ಆಧಾರ್ ಕೊಡುವ ಸಂಸ್ಥೆಯಾದ ಯುಐಡಿಎಐನ ಬೆಂಗಳೂರು ಪ್ರಾದೇಶಿಕ ಕಚೇರಿ, ಆಧಾರ್ ಜೆರಾಕ್ಸ್ ಕಂಡಕಂಡವರಿಗೆ ಕೊಡಬೇಡಿ, ಮಾಸ್ಕ್ಡ್ ಆಧಾರ್ ಬಳಸಿ ಎಂದು ಪ್ರಕಟಣೆ ಹೊರಡಿಸಿತ್ತು. ಗದ್ದಲವಾಯಿತು. ಜನ ತಪ್ಪು ತಿಳಿಯಬಹುದು ಎಂದು ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಅದನ್ನು ವಾಪಸ್ ಪಡೆಯಿತು. ವಾಪಸ್ ಆಗಿದ್ದು ಪ್ರಕಟಣೆ. ಸಲಹೆ ಮಾತ್ರ ಸರಿಯಾಗಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ.

ಮಾಸ್ಕ್ಡ್ ಆಧಾರ್‌ನಲ್ಲಿ 12 ಅಂಕಿಗಳ ಪೈಕಿ ಕೊನೆಯ 4 ಮಾತ್ರ ಕಾಣುತ್ತವೆ. ಅದೇ ಪೋರ್ಟಲ್‌ನಲ್ಲಿ ‘ಡೌನ್‌ಲೋಡ್ ಆಧಾರ್’ ಒತ್ತಿ, ‘ಮಾಸ್ಕ್ಡ್’ ಎಂಬಲ್ಲಿ ಟಿಕ್ ಹಾಕಿದರೆ ಪಿಡಿಎಫ್ ಬರುತ್ತದೆ. ಪಾಸ್‌ವರ್ಡ್ ಎಂದರೆ ನಿಮ್ಮ ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ದೊಡ್ಡ ಅಕ್ಷರ, ಹಿಂದೆಯೇ ಹುಟ್ಟಿದ ಇಸವಿ. ನಿಮ್ಮನ್ನು ಸ್ವಲ್ಪ ಬಲ್ಲ ಯಾರಾದರೂ ಇದನ್ನು ಊಹಿಸಬಹುದು. ಹಾಗಾಗಿ ಸೈಬರ್ ಸೆಂಟರ್‌ನಲ್ಲಿ ಪ್ರಿಂಟ್ ತೆಗೆಸಿದರೆ ಎದ್ದು ಬರುವ ಮುಂಚೆ ಡೌನ್‌ಲೋಡ್ಸ್ ಫೋಲ್ಡರ್ ನೋಡಿ ಫೈಲ್ ಅಳಿಸಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ. ವಾಟ್ಸ್‌ಆ್ಯಪ್ ವೆಬ್ ತೆರೆದಿದ್ದರೆ ಲಾಗೌಟ್ ಮರೆಯಬೇಡಿ.

ಪೂರ್ತಿ ನಂಬರೇ ಬೇಕು ಎನ್ನುವ ಕಡೆ ಆಧಾರ್ ನಂಬರಿನ ಬದಲಿಗೆ ಬಳಸುವ 16 ಅಂಕಿಗಳ ವರ್ಚುವಲ್ ಐಡಿ ನಡೆಯುತ್ತದೆಯೇ ಕೇಳಿ. ಪೋರ್ಟಲ್‌ನಲ್ಲೇ ಸಿಗುತ್ತದೆ. ಅದರಿಂದ ಆಧಾರ್ ನಂಬರ್ ಕಂಡುಹಿಡಿಯಲಾಗದು, ಹೊಸದು ಮಾಡಿಕೊಂಡರೆ ಹಳೆಯದು ಕೆಲಸಕ್ಕೆ ಬಾರದು. ಕಾಗದವನ್ನೇ ಕೊಡಬೇಕಾದಾಗ ಜೆರಾಕ್ಸ್ ಮೇಲೆ ಅಡ್ಡಲಾಗಿ ‘ಬಾಡಿಗೆ ಕರಾರಿಗೆ ಮಾತ್ರ’ ಎಂದು ಬರೆದು ತಾರೀಖು, ಸಹಿ ಹಾಕಿ.

ಯಾಕೆ ಬೇಕು ಎಂದು ಕೇಳುವುದಕ್ಕೆ ಸಂಕೋಚ ಬೇಡ. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅವರ ಪ್ರಕರಣದಲ್ಲೇ 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದಿತು. 2018ರ ತೀರ್ಪು ಖಾಸಗಿ ಕಂಪನಿಗಳು ಆಧಾರ್‌ಗಾಗಿ ಪಟ್ಟು ಹಿಡಿಯುವುದಕ್ಕೆ ತಡೆ ಹಾಕಿತು. ಲಾಡ್ಜಿನ ಕೌಂಟರ್‌ನಲ್ಲಿ ಡ್ರೈವಿಂಗ್ ಲೈಸೆನ್ಸ್ ಕೊಟ್ಟರೆ ಕೆಲಸ ಆಗುತ್ತದೆ.

ಆಗಾಗ ಇಣುಕಿ ನೋಡಿ

ಪೋರ್ಟಲ್‌ನಲ್ಲಿ ‘ಅಥೆಂಟಿಕೇಶನ್ ಹಿಸ್ಟರಿ’ ಇದೆ. ಹಿಂದಿನ ಆರು ತಿಂಗಳಲ್ಲಿ ನಿಮ್ಮ ಆಧಾರ್ ಯಾವಾಗ ಬಳಕೆಯಾಯಿತು, ಬೆರಳಚ್ಚಿನಿಂದಲೋ ಓಟಿಪಿಯಿಂದಲೋ ಎಲ್ಲ ಗೊತ್ತಾಗುತ್ತದೆ. ನೀವು ಮನೆಯಲ್ಲಿದ್ದ ದಿನ ಎಲ್ಲೋ ಬೆರಳಚ್ಚು ಒತ್ತಿದ ದಾಖಲೆ ಕಂಡರೆ ಅದು ಸುಮ್ನೆ ಬಿಡುವ ವಿಷಯವಲ್ಲ, ಆಧಾರ್ ಸಹಾಯವಾಣಿ 1947ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು.

ದುಡ್ಡೇ ಹೋಗಿದ್ದರೆ ಮೊದಲ ಕರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಎರಡನೆಯದು ಬ್ಯಾಂಕಿಗೆ. ತಡವಾದಷ್ಟೂ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿರುತ್ತದೆ. ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಆದ ವಂಚನೆಯನ್ನು, ಬ್ಯಾಂಕಿನ ಸೂಚನೆ ಸಿಕ್ಕ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಗ್ರಾಹಕರ ತಲೆಗೆ ಬರಬಾರದು ಎಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ದೂರನ್ನು ಬರವಣಿಗೆಯಲ್ಲಿ ಕೊಟ್ಟು, ಸೀಲ್ ಹಾಕಿದ ಪ್ರತಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. ‘ಆಧಾರ್ ಲಾಕ್ ಮಾಡಿಕೊಡ್ತೀವಿ, ಬಂದ ಓಟಿಪಿ ಹೇಳಿ’ ಎಂದು ಯಾರಾದರೂ ಫೋನ್ ಮಾಡಿದರೆ ಮಾತು ಬೆಳೆಸದೆ ಕಟ್ ಮಾಡಿ. ಈ ಬೀಗವನ್ನು ಫೋನ್ ಮಾಡಿ ಹಾಕಿಕೊಡುವವರು ಯಾರೂ ಇಲ್ಲ.