ಹನ್ನೊಂದನೆಯ ಸೆಲ್ಲಿನ ಗ್ರಾಫ್: ಮನೆಯ ಬ್ಯಾಟರಿಯನ್ನು ವೈರ್‌ಲೆಸ್ಸಾಗಿ ಗಮನಿಸಿದ ನನ್ನ ಅನುಭವ

ನಮ್ಮ ಮನೆಯ ಬ್ಯಾಟರಿಯಲ್ಲಿ ಹದಿನಾರು ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು ಸರಣಿಯಲ್ಲಿವೆ. ಒಂದೊಂದು ಸೆಲ್ 3.2 ವೋಲ್ಟ್, 100 ಆಂಪಿಯರ್-ಅವರ್, ಒಟ್ಟು 51.2 ವೋಲ್ಟ್, ಅಂದರೆ ಸುಮಾರು 5 ಯೂನಿಟ್ ವಿದ್ಯುತ್ತು ಅದರಲ್ಲಿ ನಿಲ್ಲುತ್ತದೆ. ಪ್ರತಿ ಸೆಲ್ಲಿನ ವೋಲ್ಟೇಜನ್ನು ಅಳೆಯುತ್ತ, ಮಿತಿ ಮೀರಿದಾಗ ಸಂಪರ್ಕ ಕಡಿದುಹಾಕುವ ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಂ) ಅದರೊಳಗೇ ಇದೆ. ಅದರ ಅಳತೆಗಳನ್ನು ಬ್ಲೂಟೂತ್ ಮೂಲಕ ಮೊಬೈಲ್‌ನಲ್ಲಿ ನೋಡಬಹುದು, ಆದರೆ ಬ್ಯಾಟರಿಯ ಎದುರಿಗೆ ಹೋಗಿ ನಿಲ್ಲಬೇಕು, ಮತ್ತು ಕಾಣುವುದು ಆ ಕ್ಷಣದ ಅಂಕಿ ಮಾತ್ರ. ನಿನ್ನೆ ರಾತ್ರಿ ಎರಡು ಗಂಟೆಗೆ ಏನಾಗಿತ್ತು ಎಂಬುದು ಆ ಆ್ಯಪ್‌ಗೆ ಗೊತ್ತಿರಲಿಲ್ಲ. ಮನೆಯ ದೀಪ, ಫ್ಯಾನುಗಳಿಗಾಗಿ ಮನೆಯ ಸರ್ವರ್‌ನಲ್ಲಿ ಆಗಲೇ ನಡೆಯುತ್ತಿದ್ದ ಹೋಮ್ ಅಸಿಸ್ಟೆಂಟ್ ಎಂಬ ತಂತ್ರಾಂಶಕ್ಕೆ ಬ್ಯಾಟರಿಯನ್ನೂ ಸೇರಿಸಲು ನಾನು ಹೊರಟದ್ದು ಈ ಕೊರತೆಯಿಂದ.

ಮಧ್ಯವರ್ತಿಯಾಗಿ ಇಎಸ್‌ಪಿ32 ಎಂಬ ಒಂದು ಸಣ್ಣ ಎಲೆಕ್ಟ್ರಾನಿಕ್ ಬೋರ್ಡನ್ನು ಆರಿಸಿಕೊಂಡೆ. ಅದಕ್ಕೆ ಬ್ಲೂಟೂತ್ ಕೂಡ ಬರುತ್ತದೆ, ವೈ-ಫೈ ಕೂಡ ಬರುತ್ತದೆ. ಬಿಎಂಎಸ್‌ನಿಂದ ಬ್ಲೂಟೂತ್‌ನಲ್ಲಿ ಕೇಳಿಸಿಕೊಂಡದ್ದನ್ನು ವೈ-ಫೈಯಲ್ಲಿ ಮನೆಯ ಸರ್ವರ್‌ಗೆ ದಾಟಿಸುವುದಷ್ಟೇ ಅದರ ಕೆಲಸ. ಇಂಥ ಬೋರ್ಡುಗಳಿಗೆಂದೇ ಇರುವ ಇಎಸ್‌ಪಿಹೋಮ್ ಎಂಬ ತಂತ್ರಾಂಶದಲ್ಲಿ ಸೆಟ್ಟಿಂಗ್ ಬರೆದು ಬೋರ್ಡಿಗೆ ಹಾಕುವುದು ಒಂದು ಸಂಜೆಯ ಕೆಲಸವಾಯಿತು. ತೊಡಕು ಬಂದದ್ದು ಬೋರ್ಡನ್ನು ಇಡುವ ಜಾಗದಲ್ಲಿ. ಅಂದವಾಗಿ ಕಾಣಲೆಂದು ಮೊದಲು ಅದನ್ನು ಬ್ಯಾಟರಿಯ ಲೋಹದ ಪೆಟ್ಟಿಗೆಯೊಳಗೇ ಇಟ್ಟೆ. ವೈ-ಫೈ ಬಲ ಮೈನಸ್ 88 ಡಿಬಿಎಂಗೆ (ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಕುಸಿದು ಗಂಟೆಗೊಮ್ಮೆ ಸಂಪರ್ಕ ಹೋಗತೊಡಗಿತು. ಪೆಟ್ಟಿಗೆಯಿಂದ ಹೊರತೆಗೆದು ಗೋಡೆಯ ಮೇಲೆ ಒಂದು ಮೀಟರ್ ದೂರದಲ್ಲಿ ಅಂಟಿಸಿದ ಮೇಲೆ ಅದು ಮೈನಸ್ 60ರ ಆಸುಪಾಸಿಗೆ ಬಂತು. ಇನ್ನೊಂದು ವಿಷಯವನ್ನು ತಿಳಿಯದೆ ಅರ್ಧ ದಿನ ಕಳೆದೆ: ನನ್ನ ಬಿಎಂಎಸ್ ಒಂದು ಬಾರಿಗೆ ಒಂದೇ ಬ್ಲೂಟೂತ್ ಸಂಪರ್ಕವನ್ನು ಒಪ್ಪುತ್ತದೆ. ಬೋರ್ಡು ಹಿಡಿದುಕೊಂಡಿರುವಷ್ಟು ಹೊತ್ತು ಮೊಬೈಲ್ ಆ್ಯಪ್‌ಗೆ ಬ್ಯಾಟರಿ ಕಾಣುವುದೇ ಇಲ್ಲ. ಹಾಗಾಗಿ ಬೇಕೆಂದಾಗ ಬೋರ್ಡಿನ ಸಂಪರ್ಕವನ್ನು ಬಿಡಿಸುವ ಒಂದು ಸ್ವಿಚ್ಚನ್ನು ಪರದೆಯ ಮೇಲೆ ಇಟ್ಟುಕೊಂಡೆ. ಬಿಎಂಎಸ್‌ನ ಜೊತೆಗೆ ಬಂದಿದ್ದ ಪಾಸ್‌ವರ್ಡನ್ನೂ ಅದೇ ದಿನ ಬದಲಿಸಿದೆ. ಇಲ್ಲದಿದ್ದರೆ ಬ್ಲೂಟೂತ್ ತಲುಪುವಷ್ಟು ಹತ್ತಿರ ಬಂದ ಯಾರಾದರೂ ಮನೆಯ ವಿದ್ಯುತ್ತನ್ನು ಆರಿಸಬಹುದಿತ್ತು.

ಅಂಕಿಗಳು ಬರತೊಡಗಿದ ಮೇಲೆ, ಎಲ್ಲರಂತೆ ನಾನೂ ಮೊದಲು ನೋಡಿದ್ದು ಶೇಕಡಾವಾರು ಚಾರ್ಜನ್ನು. ನಂಬಬಾರದ ಅಂಕಿ ಯಾವುದೆಂದು ಈಗ ಕೇಳಿದರೆ ಅದನ್ನೇ ತೋರಿಸುತ್ತೇನೆ. ಈ ಬಗೆಯ ಸೆಲ್‌ಗಳ ವೋಲ್ಟೇಜ್ ಮಧ್ಯಭಾಗದಲ್ಲಿ ಬಹುತೇಕ ಸಮತಟ್ಟಾಗಿರುವುದರಿಂದ, ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲು ಬರುವುದಿಲ್ಲ. ಬಿಎಂಎಸ್ ಒಳಬಂದ ಮತ್ತು ಹೊರಹೋದ ಕರೆಂಟನ್ನು ಕೂಡಿ ಕಳೆದು ಲೆಕ್ಕ ಹಾಕುತ್ತದೆ. ನನ್ನ ಬಿಎಂಎಸ್ ಅರ್ಧ ಆಂಪಿಯರ್‌ಗಿಂತ ಕಡಿಮೆ ಕರೆಂಟನ್ನು ಸೊನ್ನೆಯೆಂದೇ ತೋರಿಸುತ್ತಿತ್ತು. ಇನ್ವರ್ಟರ್ ಸುಮ್ಮನೆ ಕುಳಿತಾಗಲೂ 0.4 ಆಂಪಿಯರ್ ಎಳೆಯುತ್ತದೆ; ದಿನವಿಡೀ ಹಾಗೇ ಇದ್ದರೆ 9.6 ಆಂಪಿಯರ್-ಅವರ್, ಅಂದರೆ ಬ್ಯಾಟರಿಯ ಸುಮಾರು ಹತ್ತನೆಯ ಒಂದು ಭಾಗ, ಲೆಕ್ಕಕ್ಕೆ ಸಿಗದೆ ಸೋರಿಹೋಗುತ್ತದೆ. ಬ್ಯಾಟರಿ ಪೂರ್ತಿ ತುಂಬಿದಾಗ ಮಾತ್ರ ಆ ಲೆಕ್ಕ ಮತ್ತೆ ನೇರವಾಗುತ್ತದೆ. ಆದ್ದರಿಂದ ಕೊನೆಯ ಬಾರಿ ಪೂರ್ತಿ ತುಂಬಿ ಎಷ್ಟು ದಿನವಾಯಿತು ಎಂಬುದನ್ನು ಶೇಕಡಾವಾರಿನ ಪಕ್ಕದಲ್ಲೇ ತೋರಿಸುವಂತೆ ಮಾಡಿಕೊಂಡೆ.

ನಿಜವಾಗಿ ಉಪಯೋಗಕ್ಕೆ ಬಂದದ್ದು ಬೇರೆಯದೇ ಒಂದು ಗ್ರಾಫ್. ಹದಿನಾರು ಸೆಲ್‌ಗಳ ವೋಲ್ಟೇಜನ್ನು ಒಂದೇ ಚಿತ್ರದಲ್ಲಿ, ಅದರ ಕೆಳಗೆ ಕರೆಂಟನ್ನು ಇಟ್ಟು ಒಂದು ವಾರ ನೋಡಿದೆ. ಹನ್ನೊಂದನೆಯ ಸೆಲ್ ಉಳಿದವುಗಳ ಗುಂಪಿನಿಂದ ಹೊರಗೆ ಇಣುಕುತ್ತಿತ್ತು. 40 ಆಂಪಿಯರ್‌ನಲ್ಲಿ ಚಾರ್ಜ್ ಆಗುವಾಗ ಅದು ಉಳಿದವುಗಳಿಗಿಂತ 42 ಮಿಲಿವೋಲ್ಟ್ ಮೇಲೆ. ಅಷ್ಟೇ ಕರೆಂಟನ್ನು ಹೊರಗೆಳೆಯುವಾಗ 40 ಮಿಲಿವೋಲ್ಟ್ ಕೆಳಗೆ. ಕರೆಂಟ್ ಸೊನ್ನೆಯಾದ ಕೂಡಲೇ ಎಲ್ಲವುಗಳ ಜೊತೆ ಸಮ. ಸೆಲ್ಲಿನಲ್ಲಿ ಚಾರ್ಜ್ ಹೆಚ್ಚುಕಡಿಮೆಯಾಗಿದ್ದರೆ ವ್ಯತ್ಯಾಸವು ಕರೆಂಟಿನ ದಿಕ್ಕಿನ ಜೊತೆಗೆ ಹೀಗೆ ತಲೆಕೆಳಗಾಗುವುದಿಲ್ಲ. ಕರೆಂಟಿನ ಬೆನ್ನಿಗೇ ಏರಿ ಇಳಿಯುವ ವ್ಯತ್ಯಾಸವೆಂದರೆ ದಾರಿಯಲ್ಲೆಲ್ಲೋ ಪ್ರತಿರೋಧ ಇದೆ ಎಂದರ್ಥ: 40 ಆಂಪಿಯರ್‌ಗೆ 40 ಮಿಲಿವೋಲ್ಟ್ ಎಂದರೆ ಸರಿಯಾಗಿ ಒಂದು ಮಿಲಿಓಮ್. ಕೇಳಲು ಅಲ್ಪ, ಆದರೆ ಪ್ರತಿರೋಧದಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಬೆಳೆಯುವುದರಿಂದ 40 ಆಂಪಿಯರ್‌ನಲ್ಲಿ 1.6 ವ್ಯಾಟ್ ಇರುವುದು 80 ಆಂಪಿಯರ್‌ನಲ್ಲಿ 6.4 ವ್ಯಾಟ್ ಆಗುತ್ತದೆ, ಅದೂ ಒಂದು ನಟ್ಟಿನಷ್ಟು ಜಾಗದಲ್ಲಿ.

ಮರುದಿನ ಬ್ಯಾಟರಿಯನ್ನು ಇನ್ವರ್ಟರ್‌ನಿಂದ ಪೂರ್ತಿ ಬೇರ್ಪಡಿಸಿ, ಹಿಡಿಗೆ ಟೇಪ್ ಸುತ್ತಿದ ಸ್ಪ್ಯಾನರ್ ಹಿಡಿದು ಪೆಟ್ಟಿಗೆ ತೆರೆದೆ. ಹನ್ನೊಂದನೆಯ ಸೆಲ್ಲನ್ನು ಪಕ್ಕದ್ದಕ್ಕೆ ಸೇರಿಸುವ ತಾಮ್ರದ ಪಟ್ಟಿಯ ನಟ್ ಕೈಬೆರಳಿಗೇ ಕಾಲು ಸುತ್ತು ತಿರುಗಿತು. ಪಟ್ಟಿಯ ಮೇಲಿನ ಮಂಕು ಪದರವನ್ನು ಉಜ್ಜಿ ತೆಗೆದು, ಸೆಲ್ಲಿನ ಮಾಹಿತಿಪತ್ರದಲ್ಲಿ ಹೇಳಿದಷ್ಟೇ ಬಲಕ್ಕೆ ಬಿಗಿದೆ. ಆ ಸಂಜೆಯ ಗ್ರಾಫ್‌ನಲ್ಲಿ ಹನ್ನೊಂದನೆಯದು ಯಾವುದೆಂದು ಹುಡುಕಬೇಕಾಯಿತು. ಆ್ಯಪ್‌ನಲ್ಲಿ ಇದೇ ಅಂಕಿಗಳನ್ನು ನಾನು ತಿಂಗಳುಗಟ್ಟಲೆ ನೋಡಿದ್ದೆ. ಕರೆಂಟನ್ನೂ ವೋಲ್ಟೇಜನ್ನೂ ಕಾಲದ ಗೆರೆಯ ಮೇಲೆ ಒಟ್ಟಿಗೆ ಇಡುವವರೆಗೆ ಏನೂ ಹೊಳೆದಿರಲಿಲ್ಲ.

ಪ್ರತಿ 5 ಸೆಕೆಂಡಿಗೊಮ್ಮೆ ಹದಿನಾರು ಸೆಲ್‌ಗಳನ್ನು ಓದಿದರೆ ದಿನಕ್ಕೆ 2,76,480 ಅಳತೆಗಳಾಗುತ್ತವೆ. ಸರ್ವರ್‌ನ ಮೆಮೊರಿ ಕಾರ್ಡ್ ಸವೆಯದಿರಲೆಂದು, 5 ಮಿಲಿವೋಲ್ಟ್‌ಗಿಂತ ಕಡಿಮೆ ಬದಲಾವಣೆಯನ್ನು ಬೋರ್ಡಿನಲ್ಲೇ ತಡೆದೆ.

ಈ ಮಿತವ್ಯಯದ ಹಿಂದೆಯೇ ದೊಡ್ಡ ತಪ್ಪೊಂದು ಅಡಗಿತ್ತು. ಒಂದು ರಾತ್ರಿ ಬೋರ್ಡಿನ ಬ್ಲೂಟೂತ್ ಕೊಂಡಿ ಸತ್ತುಹೋಯಿತು, ವೈ-ಫೈ ಮಾತ್ರ ಜೀವಂತವಾಗಿತ್ತು. ಬೋರ್ಡು ಕೊನೆಯದಾಗಿ ಕೇಳಿದ 72 ಶೇಕಡಾವನ್ನೇ ಹಿಡಿದುಕೊಂಡು ಕೂತಿತು. ಅಂಕಿ ಬದಲಾಗದಿರುವುದು ನನ್ನ ಏರ್ಪಾಟಿನಲ್ಲಿ ಸಹಜವೇ ಆಗಿದ್ದುದರಿಂದ ಯಾವ ಎಚ್ಚರಿಕೆಯೂ ಹುಟ್ಟಲಿಲ್ಲ. ಬೆಳಗಿನ ಜಾವ ಒಂದು ಸೆಲ್ 2.5 ವೋಲ್ಟ್‌ಗೆ ಇಳಿದು ಬಿಎಂಎಸ್ ಸಂಪರ್ಕ ಕಡಿಯಿತು, ಮನೆ ಕತ್ತಲಾಯಿತು, ಅದೇ ಬ್ಯಾಟರಿಯಿಂದ ನಡೆಯುತ್ತಿದ್ದ ರೌಟರ್ ಮತ್ತು ಸರ್ವರ್ ಕೂಡ ಆರಿಹೋದವು. ಸಂದೇಶ ಕಳುಹಿಸಬೇಕಾದದ್ದೇ ಮೊದಲು ಸತ್ತಿತ್ತು. ತಪ್ಪು ಯಾವ ಯಂತ್ರದ್ದೂ ಅಲ್ಲ, ನನ್ನದೇ.

ಆಮೇಲೆ ಪ್ರತಿ ಅಳತೆಗೂ ಟೈಮ್‌ಔಟ್ ಫಿಲ್ಟರ್ ಹಾಕಿದೆ. ಬದಲಾವಣೆ ಇರಲಿ ಬಿಡಲಿ ನಿಮಿಷಕ್ಕೊಮ್ಮೆ ಅಳತೆ ಹೋಗಲೇಬೇಕು, ಎರಡು ನಿಮಿಷ ಹೊಸ ಓದು ಬಾರದಿದ್ದರೆ ಅಂಕಿಯೇ ಅಳಿಸಿಹೋಗಬೇಕು, ಹಾಗೆ ಅಳಿದದ್ದೇ ಒಂದು ಎಚ್ಚರಿಕೆಯಾಗಬೇಕು. ರೌಟರ್ ಮತ್ತು ಸರ್ವರ್‌ಗೆ ಬೇರೊಂದು ಸಣ್ಣ ಬ್ಯಾಟರಿ ಕೊಟ್ಟೆ. ಅತಿ ಕಡಿಮೆ ವೋಲ್ಟೇಜಿನ ಸೆಲ್ ಒಂದು ನಿಮಿಷ ಪೂರ್ತಿ 3.0 ವೋಲ್ಟ್‌ಗಿಂತ ಕೆಳಗಿದ್ದರೆ ಮೊಬೈಲ್‌ಗೆ ಸಂದೇಶ ಬರುತ್ತದೆ. ಆ ಒಂದು ನಿಮಿಷದ ತಾಳ್ಮೆ ಇಲ್ಲದಿದ್ದರೆ ಪಂಪ್ ಶುರುವಾಗುವಾಗಿನ ಕ್ಷಣಿಕ ಕುಸಿತಕ್ಕೂ ಮೊಬೈಲ್ ಕೂಗುತ್ತದೆ. ಚಾರ್ಜ್ ಮತ್ತು ಡಿಸ್ಚಾರ್ಜ್ ನಿಲ್ಲಿಸುವ ಸ್ವಿಚ್ಚುಗಳನ್ನೂ ಈ ವ್ಯವಸ್ಥೆಯಲ್ಲಿ ತೆರೆಯಬಹುದಿತ್ತು, ನಾನು ತೆರೆಯಲಿಲ್ಲ. ರಕ್ಷಣೆ ಬಿಎಂಎಸ್‌ನ ಕೆಲಸ; ವೈ-ಫೈ ಮೇಲೆ ಅದನ್ನು ನೆಚ್ಚಿ ಕೂರಲು ನನಗೆ ಧೈರ್ಯವಿಲ್ಲ.

ಈಗ ತಿಂಗಳಿಗೊಮ್ಮೆ ಗೋಡೆಯ ಮೇಲಿನ ಆ ಬೋರ್ಡಿನ ಬ್ಲೂಟೂತ್ ಸಂಪರ್ಕವನ್ನು ನಾನೇ ಬಿಡಿಸಿ, ಗಡಿಯಾರ ನೋಡುತ್ತ ಕೂರುತ್ತೇನೆ. ಕಳೆದ ಸಲ ಸಂದೇಶ ಬರಲು ಎರಡು ನಿಮಿಷ ಹತ್ತು ಸೆಕೆಂಡ್ ಹಿಡಿಯಿತು.